ಕೇಳಿದವಳ ಅರ್ಥ

ಕಡಲಿನ ಅಡಿಯಲ್ಲಿ ಸಿಹಿನೀರಿದೆ ಎಂಬ ಸುದ್ದಿ ಬಂದಾಗ ತೆಂಕಕೋಡಿಯಲ್ಲಿ ಮೊದಲು ನಕ್ಕವರು ಮೀನುಗಾರರೇ.

"ಹಾಗಾದ್ರೆ ಇಷ್ಟು ವರ್ಷ ನಾವು ಕುಡಿಯುವ ನೀರಿನ ಮೇಲೆಯೇ ಬಲೆ ಹಾಕಿದ್ದಾ ಮಾರಾಯ್ರೆ? ಗೊತ್ತಿದ್ರೆ ಮನೆಯಿಂದ ಬಾಟ್ಲಿ ತರುದೇ ಬೇಡ ಇತ್ತು!" ಎಂದು ಬೋಟಿನವರು ಒಬ್ಬರ ಬೆನ್ನಿಗೊಬ್ಬರು ತಟ್ಟಿಕೊಂಡರು.

ಆದರೆ ವಿಷಯ ನಿಜವಾಗಿತ್ತು. ಭೂಮಿಯ ಬಹಳಷ್ಟು ನೀರು ಹಿಮವಾಗಿ ಹೆಪ್ಪುಗಟ್ಟಿ ಕುಳಿತಿದ್ದ ಕಾಲದಲ್ಲಿ ಕಡಲು ಈಗಿರುವುದಕ್ಕಿಂತ ಎಷ್ಟೋ ಕೆಳಗಿತ್ತು. ಇವತ್ತು ಬೋಟು ಓಡಾಡುವ ಜಾಗ ಆಗ ಒಣನೆಲ. ಅಲ್ಲಿ ಮಳೆ ಬಿತ್ತು, ಮರಳಿನೊಳಗೆ ಇಳಿಯಿತು. ಆಮೇಲೆ ಹಿಮ ಕರಗಿ ಕಡಲು ಏರಿ ಬಂದು ಎಲ್ಲವನ್ನೂ ಮುಚ್ಚಿತು. ಮರಳಿನ ಮೇಲೆ ದಪ್ಪ ಜೇಡಿಯ ಪದರವಿದ್ದುದರಿಂದ ಉಪ್ಪು ಕೆಳಗೆ ಇಳಿಯಲಿಲ್ಲ. ಪಾತ್ರೆಗೆ ಮುಚ್ಚಳ ಹಾಕಿಟ್ಟ ಹಾಗೆ ಆ ಹಳೆಯ ಮಳೆ ಹಾಗೇ ಉಳಿದುಕೊಂಡಿತ್ತು, ನಮ್ಮ ಕರಾವಳಿಯಿಂದ ಹಿಡಿದು ಪಡುವಣದ ಮುರೈ ದ್ವೀಪರಾಷ್ಟ್ರದವರೆಗೆ.

ತೆಗೆಯಲು ಒಂದೇ ಶರತ್ತು: ನಿಧಾನವಾಗಿ ತೆಗೆಯಬೇಕು. ವರ್ಷಕ್ಕೆ ಇಷ್ಟು ಎಂದು ಒಂದು ಮಿತಿ. ಅದನ್ನು ಮೀರಿದರೆ ಅಂಚಿನಿಂದ ಕಡಲ ನೀರು ಒಳಗೆ ನುಗ್ಗುತ್ತದೆ, ಮತ್ತೆ ಅದು ಯಾರಿಗೂ ದಕ್ಕುವುದಿಲ್ಲ. ಆ ಮಿತಿಯನ್ನು ಹತ್ತು ಪಾಲು ಮಾಡಿ, ಆರು ಈ ಕಡೆಗೆ, ನಾಲ್ಕು ದ್ವೀಪಗಳಿಗೆ ಎಂದು ಎರಡು ದೇಶಗಳೂ ಒಪ್ಪಿದ್ದವು. ಒಬ್ಬರಿಗೆ ಹೆಚ್ಚಾದರೆ ಇನ್ನೊಬ್ಬರಿಗೆ ಕಡಿಮೆಯಾಗಲೇಬೇಕು.

ಮೊದಲ ಕೆಲವು ವರ್ಷ ಒಪ್ಪಂದ ಕಾಗದದಲ್ಲಿತ್ತು. ಕಾಗದ ಬರೆದವರು ಕಡಲು ನೋಡದ ಊರಿನವರು. ಒಂದೊಂದು ಅಲ್ಪವಿರಾಮಕ್ಕೂ ಜಗಳವಾಗಿ, ಜಗಳ ಮುಗಿಯುವಷ್ಟರಲ್ಲಿ ಬೇಸಿಗೆ ಮುಗಿದಿರುತ್ತಿತ್ತು. ಕೊನೆಗೆ ಸಭೆಯಲ್ಲಿ ಯಾರೋ ಪುಣ್ಯಾತ್ಮರು, "ನೀರು ಕುಡಿಯುವವರೇ ಮಾತಾಡಿಕೊಳ್ಳಲಿ" ಎಂದರಂತೆ. ಹಾಗೆ ಹುಟ್ಟಿದ್ದು ಈ ಹೊಸ ಪದ್ಧತಿ. ಎರಡೂ ದಡದಿಂದ ಒಬ್ಬೊಬ್ಬ ಮಾತುಗಾರರು. ವಾರಕ್ಕೊಮ್ಮೆ ತಮ್ಮ ತಮ್ಮ ಭಾಷೆಯಲ್ಲಿ ಮಾತು. ನಡುವೆ ಒಂದು ಯಂತ್ರ. ಅದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅನುವಾದಿಸುತ್ತದೆ, ಆಡಿದ ಮಾತಿನ ಪ್ರಕಾರ ಕಡಲಡಿಯ ಕವಾಟಗಳನ್ನು ತಿರುಗಿಸುತ್ತದೆ. ಆಡಿದ್ದೇ ಕಾನೂನು.

ಮಾತಿನ ಅರ್ಥದ ಬಗ್ಗೆ ತಕರಾರು ಬಂದರೆ? ಅದಕ್ಕೂ ಒಂದು ನಿಯಮವಿತ್ತು: ಹೇಳಿದವರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಇಣುಕಿ ನೋಡಲಾರರು, ಆದ್ದರಿಂದ ಕೇಳಿದವರು ಏನೆಂದು ತಿಳಿದರೋ ಅದೇ ಅರ್ಥ. ಎದುರಿನವರಿಗೆ ತಿಳಿಯುವ ಹಾಗೆ ಎಲ್ಲರೂ ಮಾತಾಡಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಅದನ್ನು ಮಾಡಿದ್ದರು.

ನಮ್ಮ ಕಡೆಯಿಂದ ಆಯ್ಕೆಯಾದವಳು ತೆಂಕಕೋಡಿಯ ವಾರಿಜ ಮೆಂಡನ್. ವಯಸ್ಸು ಅರುವತ್ತರ ಹತ್ತಿರ. ಕೆಲಸದಿಂದ ನಿವೃತ್ತಳಾಗುವವರೆಗೆ ಬಸ್‌ಸ್ಟ್ಯಾಂಡಿನ ಮೈಕಿನ ಮುಂದೆ ಕುಳಿತು, "ಕುಂದಾಪುರ, ಬೈಂದೂರು, ಭಟ್ಕಳಕ್ಕೆ ಹೋಗುವವರು ಬೇಗ ಬೇಗ ಬನ್ನೀ" ಎಂದು ಕೂಗಿದವಳು. ಅವಳ ಮಾತು ಎಷ್ಟು ಸ್ಪಷ್ಟವೆಂದರೆ, ಕಿವಿ ಮಂದವಾದ ಅಜ್ಜಂದಿರೂ ಸರಿಯಾದ ಬಸ್ಸನ್ನೇ ಹತ್ತುತ್ತಿದ್ದರು. ಆಯ್ಕೆಗೆ ಬಂದ ಅಧಿಕಾರಿ ಹತ್ತಾರು ಜನರನ್ನು ಮಾತಾಡಿಸಿ ನೋಡಿ, ಇವಳ ಬಾಯಿಂದ ಒಂದು ವಾಕ್ಯ ಕೇಳಿದ್ದೇ, "ಇನ್ನು ಹುಡುಕುವುದು ಬೇಡ" ಎಂದಿದ್ದರು.

ಯಂತ್ರಕ್ಕೆ ಊರಿನವರು ಇಟ್ಟ ಹೆಸರು ಮಾಷ್ಟ್ರು. ಅದರ ಕನ್ನಡ ಪಠ್ಯಪುಸ್ತಕದ ಕನ್ನಡ. ವಾರಿಜಕ್ಕ ಮೊದಲ ದಿನ ಬಂದು ಕುಳಿತಾಗ, "ದಯವಿಟ್ಟು ತಮ್ಮ ವಾಕ್ಯವನ್ನು ಪೂರ್ಣಗೊಳಿಸಿ" ಎಂದಿತು.

"ಶುರುವೇ ಮಾಡ್ಲಿಲ್ಲ ಮಾಷ್ಟ್ರೇ, ಸ್ವಲ್ಪ ಉಸಿರು ತಗೊಳ್ಲಿಕ್ಕೆ ಬಿಡಿ," ಎಂದಳು ವಾರಿಜಕ್ಕ. ಆ ಯಂತ್ರವಿದ್ದ ನೀರಿನ ನಿಲ್ದಾಣದ ಎಂಜಿನಿಯರ್ ಇರ್ಷಾದ್, ಪಕ್ಕದೂರಿನ ಬ್ಯಾರಿಗಳ ಹುಡುಗ, ಅಂದೇ ಅವಳ ಶಿಷ್ಯನಾಗಿಬಿಟ್ಟ.

ಪರದೆಯ ಆ ಕಡೆ ಕುಳಿತವಳು ಸನೀರಾ. ಮುರೈಯ ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ನರ್ಸು. ವಾರಿಜಕ್ಕನಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಮಾಷ್ಟ್ರು ಅನುವಾದ ಮಾಡುವಾಗ ನಡುವೆ ಒಂದಷ್ಟು ಹೊತ್ತು ಇಬ್ಬರಿಗೂ ಕೆಲಸವಿರುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಷ್ಟೂಂತ ಕೂರುವುದು? ವಾರಿಜಕ್ಕ ಕೈಯಲ್ಲಿದ್ದ ಗ್ಲಾಸು ಎತ್ತಿ ತೋರಿಸಿ, "ಚಾ," ಎಂದಳು. ಸನೀರಾ ತಾನೂ ಗ್ಲಾಸು ಎತ್ತಿ, "ಚಾ!" ಎಂದಳು. ಅಲ್ಲಿಂದ ಶುರು.

ಕೆಲವು ವರ್ಷಗಳಲ್ಲಿ ಆ ಹೆಂಗಸು ಕನ್ನಡವನ್ನು ಕುಡಿದುಬಿಟ್ಟಳು. ಅದೂ ಎಂಥ ಕನ್ನಡ! ಉಡುಪಿಯ ಕನ್ನಡ, ಅದರ ಮೇಲೆ ಬಸ್‌ಸ್ಟ್ಯಾಂಡಿನ ರಾಗ. ಪರದೆ ಬೆಳಗಿದ ಕೂಡಲೇ, "ಅಕ್ಕ ಉಂಟಾ?" ಎಂದು ಕೇಳುತ್ತಿದ್ದಳು. "ಉಂಟು ಮಾರಾಯ್ತಿ, ಎಲ್ಲಿಗೆ ಹೋಗುದು?" ಎನ್ನುತ್ತಿದ್ದಳು ವಾರಿಜಕ್ಕ. ವಾರಿಜಕ್ಕನ ಜೋಕಿಗೆ ಅವಳು ಅನುವಾದ ಬರುವ ಮೊದಲೇ ನಗುವುದು, ಮಾಷ್ಟ್ರು "ಅನುವಾದವು ಇನ್ನೂ ಮುಗಿದಿಲ್ಲ" ಎಂದು ಆಕ್ಷೇಪಿಸುವುದು, ಅದಕ್ಕೆ ಇಬ್ಬರೂ ಮತ್ತೆ ನಗುವುದು. ಆದರೆ ಒಪ್ಪಂದದ ಮಾತಿಗೆ ಮಾತ್ರ ಸನೀರಾ ತನ್ನ ಭಾಷೆಯನ್ನೇ ಬಳಸಬೇಕು, ಅದು ಕಟ್ಟಳೆ. ಉಳಿದ ಹರಟೆ ದಾಖಲೆಗೆ ಹೋಗುತ್ತಿರಲಿಲ್ಲ.

"ಅಕ್ಕ, ನಿಮ್ಮದು ಮೋಸದ ಭಾಷೆ," ಎಂದಿದ್ದಳು ಒಮ್ಮೆ. "ನೀರು ಬಿಡುದೂ ಬಿಡುದೇ. ಬೀಡಿ ಸೇದುದನ್ನು ಬಿಡುದೂ ಬಿಡುದೇ. ಗಂಡನನ್ನು ಬಿಟ್ಟವಳೂ ಬಿಟ್ಟವಳೇ. 'ಹೋಗ್ಲಿ ಬಿಡು' ಅಂದ್ರೆ ಎಂತ ಬಿಡುದು? ಕೈಯಲ್ಲಿ ಎಂತ ಉಂಟು ಬಿಡ್ಲಿಕ್ಕೆ?"

"ಬಸ್ಸೂ ಬಿಡ್ತದೆ, ಮರ್ತಿಯಾ?" ಎಂದಳು ವಾರಿಜಕ್ಕ. "ಬಾಯಿ ಬಿಡುದು ಬೇರೆ ಉಂಟು. ನೀನು ಜಾಸ್ತಿ ಬಾಯಿ ಬಿಡ್ಬೇಡ ಈಗ." ಆಮೇಲೆ ಸಮಾಧಾನವಾಗಿ, "ಹೋಗ್ಲಿ ಬಿಡು ಅಂದ್ರೆ, ಅದರ ಮಾತು ಈಗ ಬೇಡ ಅಂತ. ಅದು ಇದ್ದದ್ದೇ, ನಿಂಗೂ ಗೊತ್ತುಂಟು, ನಂಗೂ ಗೊತ್ತುಂಟು, ಮತ್ತೆಂತಕ್ಕೆ ಬಾಯಿ ನೋಯಿಸುದು ಅಂತ," ಎಂದು ಬಿಡಿಸಿ ಹೇಳಿದ್ದಳು.

ನವೆಂಬರಿನಲ್ಲಿ ಚಂಡಮಾರುತ ಎದ್ದಿತು. ನಮ್ಮ ಕಡೆ ನಾಲ್ಕು ತೆಂಗಿನಮರ ಬಿದ್ದದ್ದು ಬಿಟ್ಟರೆ ಹೆಚ್ಚೇನಿಲ್ಲ, ಮುರೈ ದ್ವೀಪಗಳನ್ನು ಮಾತ್ರ ತೊಳೆದು ಹಾಕಿತು. ಅಲ್ಲಿನ ಮಳೆನೀರಿನ ದೊಡ್ಡ ಟ್ಯಾಂಕು ಒಡೆಯಿತು, ಬಾವಿಗಳಿಗೆಲ್ಲ ಉಪ್ಪು ನುಗ್ಗಿತು. ಕೊಳಕು ನೀರು ಕುಡಿದ ಮಕ್ಕಳು ವಾಂತಿಭೇದಿಯಲ್ಲಿ ಆಸ್ಪತ್ರೆಯ ಜಗಲಿ ತುಂಬ ಮಲಗಿದ್ದರು. ಮಧ್ಯೆ ಸನೀರಾ.

ವಾರಿಜಕ್ಕ ಊರಿನ ಸಮಿತಿಯನ್ನು ಕರೆದಳು. ಸಮಿತಿಯಲ್ಲಿ ಅವಳ ಗಂಡ ಭೋಜಣ್ಣನೂ ಇದ್ದ, ಬಂದರಿನ ಐಸ್ ಪ್ಲಾಂಟಿನ ಫೋರ್‌ಮನ್. ಊರಿನಲ್ಲಿ ನೀರು ಕಡಿಮೆಯಾದರೆ ಮೊದಲು ನಿಲ್ಲುವುದು ಅವನ ಪ್ಲಾಂಟೇ. ಐಸ್ ಇಲ್ಲದೆ ಬೋಟು ಹೊರಡುವುದಿಲ್ಲ, ಬೋಟು ಹೊರಡದೆ ಊರಿಲ್ಲ. ಆದರೂ ಮೊದಲು ಬಾಯಿ ತೆರೆದವನು ಅವನೇ.

"ಅರ್ಧ ಕೊಡುವಾ. ಅವರ ಟ್ಯಾಂಕು ಸರಿಯಾಗುವವರೆಗೆ ನಾವು ಹೇಗಾದ್ರೂ ಸುಧಾರಿಸಿಕೊಳ್ಳುವಾ. ಮಕ್ಕಳು ಸಾಯ್ತಾರೆ ಅಂದ ಮೇಲೆ ಲೆಕ್ಕ ಎಂತದ್ದು?"

ಯಾರೂ ಇಲ್ಲವೆನ್ನಲಿಲ್ಲ.

ವಾರಿಜಕ್ಕ ಅಲ್ಲಿಂದ ನೇರ ನಿಲ್ದಾಣಕ್ಕೆ ಓಡಿದಳು. ಪರದೆಯಲ್ಲಿ ಸನೀರಾಳ ಮುಖ ನೋಡುವ ಹಾಗಿರಲಿಲ್ಲ. ಕಣ್ಣು ಊದಿತ್ತು. ಹಿಂದೆ ಒಂದು ಮಗು ಒಂದೇ ಸಮನೆ ಅಳುತ್ತಿತ್ತು.

"ನಮ್ಮ ಆರು ಪಾಲಿನಲ್ಲಿ ಮೂರು ನಿಮಗೆ ಬಿಟ್ಟಿದ್ದೇವೆ," ಎಂದಳು ವಾರಿಜಕ್ಕ. "ತಗೊಳ್ಳಿ. ಮೊದಲು ಮಕ್ಕಳಿಗೆ ಕುಡಿಸಿ."

ಸನೀರಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಮೂರು ಪಾಲು ಬಿಡಲಾಗಿದೆ," ಎಂದಿತು ಮಾಷ್ಟ್ರು. "ಅವಧಿಯನ್ನು ತಿಳಿಸಿ."

"ಅವಧಿ ಬಿಡಿ ಮಾಷ್ಟ್ರೇ! ಅವಳಿಗೆ ಗೊತ್ತುಂಟು. ಮನುಷ್ಯರು ಅಲ್ಲಿ ಅಳ್ತಾ ಇದ್ದಾರೆ, ಇವರದ್ದೊಂದು ಅವಧಿ! ಮೊದಲು ನೀರು ಹೋಗ್ಲಿ!"

"ಅವಧಿ ಬಿಡಲಾಗಿದೆ," ಎಂದಿತು ಮಾಷ್ಟ್ರು. ಕಡಲಡಿಯಲ್ಲಿ ಕವಾಟ ತಿರುಗಿತು.

ಬೇಸಿಗೆಗೆ ಮೊದಲು ಟ್ಯಾಂಕು ಸರಿಯಾದ ಸುದ್ದಿ ಬಂತು. ವಾರಿಜಕ್ಕ ಚಾದ ಗ್ಲಾಸು ಹಿಡಿದುಕೊಂಡೇ ಬಂದು ಕುಳಿತಳು.

"ಟ್ಯಾಂಕು ಆಯ್ತಂತೆ ಸನೀರಾ, ಸಂತೋಷ. ಮಕ್ಕಳೆಲ್ಲ ಹುಷಾರಾ? ಮಾಷ್ಟ್ರೇ, ಹಾಗಾದ್ರೆ ಇವತ್ತಿನಿಂದ ನಮ್ಮ ಮೂರು ಪಾಲು ನಮಗೆ."

"ಆ ಮೂರು ಪಾಲು ಈಗ ಮುರೈ ರಾಷ್ಟ್ರಕ್ಕೆ ಸೇರಿದವು," ಎಂದಿತು ಮಾಷ್ಟ್ರು. "ಅವಧಿಯಿಲ್ಲದೆ ಬಿಟ್ಟ ಪಾಲನ್ನು ಮರಳಿ ಪಡೆಯಲು ಆ ಕಡೆಯ ಮಾತು ಅಗತ್ಯ."

ವಾರಿಜಕ್ಕ ನಕ್ಕುಬಿಟ್ಟಳು. "ಅಬ್ಬಾ, ಇವರ ತಲೆಯೇ! ಅವಧಿ ಬಿಡಿ ಅಂದದ್ದಕ್ಕೆ ಅವಧಿಯನ್ನೇ ಕಿತ್ತು ಬಿಸಾಡಿದ್ದಾರೆ. ಕೇಳಿದ್ಯಾ ಸನೀರಾ? ಹೇಳು ಮಾರಾಯ್ತಿ ಇವರಿಗೊಂದು ಮಾತು, ಮುಗೀಲಿ."

ಸನೀರಾ ನಗಲಿಲ್ಲ. ಮೇಜನ್ನು ನೋಡುತ್ತ ತನ್ನ ಭಾಷೆಯಲ್ಲಿ ಏನೋ ಹೇಳಿದಳು.

"ಈ ವಿಷಯವನ್ನು ನಮ್ಮ ಸರಕಾರವು ತೀರ್ಮಾನಿಸುತ್ತದೆ," ಎಂದಿತು ಮಾಷ್ಟ್ರು. ಪರದೆ ಆರಿತು.

ಇರ್ಷಾದ್ ತಲೆ ಕೆರೆದುಕೊಂಡ. "ಅಕ್ಕಾ, ನಂಗ್ಯಾಕೋ ಇದು ಸರಿ ಕಾಣುದಿಲ್ಲ."

"ಥೂ, ನಿಂದೊಂದು. ಪಕ್ಕದಲ್ಲಿ ಯಾರೋ ಆಫೀಸರ್ ಕೂತಿರ್ತಾನೆ. ಅವನ ಎದುರು ಅವಳು ಹೇಗೆ ಬಾಯಿ ಬಿಡುದು ಪಾಪ," ಎಂದಳು ವಾರಿಜಕ್ಕ. ಆ ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೂ ಅದನ್ನೇ ಹೇಳಿದಳು. ಆಮೇಲಿನ ವಾರ ಪರದೆ ಬೆಳಗಿದಾಗ ಸನೀರಾಳ ಕುರ್ಚಿಯಲ್ಲಿ ಟೈ ಕಟ್ಟಿದ ಒಬ್ಬ ಗಂಡಸು ಕುಳಿತಿದ್ದ. ಅರ್ಥದ ತಕರಾರು, ಎರಡೂ ದೇಶಗಳು ಒಪ್ಪಿದ್ದ ನ್ಯಾಯಸ್ಥಾನವಾದ ಕೊಲಂಬೊದ ನೀರು ಪೀಠದ ಮುಂದೆ ಹೋಯಿತು.

ನಮ್ಮ ಕಡೆಯ ವಕೀಲೆಯಾಗಿ ಬಂದವರು ಗದುಗಿನ ಶಾಂತವ್ವ ಹೊಸಮನಿ. ಬಂದವರೇ ವಾರಿಜಕ್ಕನ ಅಡುಗೆಮನೆಯಲ್ಲೇ ಮಣೆ ಎಳೆದುಕೊಂಡು ಕುಳಿತರು.

"ನೋಡ್ರಿ ಅಕ್ಕಾರ, ಗೆಲ್ಲೂದು ಭಾಳ ಹಗುರ ಐತಿ. ನೀವು ಒಂದ ಮಾತು ಹೇಳಿದ್ರ ಸಾಕು. 'ನಮ್ಮ ಮನಿ ಮಾತು ತುಳು, ನನಗ ಕನ್ನಡ ಬರೋಬ್ಬರಿ ಬರಂಗಿಲ್ಲ' ಅನ್ರಿ. ಭಾಷಾ ಬರಲಾರದವ್ರ ಮಾತು ಒಪ್ಪಂದದಾಗ ನಡಿಯಂಗಿಲ್ಲ. ನೀವು ಆಡಿದ್ದೆಲ್ಲ ರದ್ದಾಗ್ತೈತಿ. ನಿಮ್ಮ ಮೂರು ಪಾಲು ನಿಮಗ."

ವಾರಿಜಕ್ಕ ಮೀನು ಹೆಚ್ಚುತ್ತಿದ್ದ ಕತ್ತಿಯನ್ನು ಕೆಳಗಿಟ್ಟಳು. "ನನಗೆ ಕನ್ನಡ ಬರುದಿಲ್ಲ?"

"ಸುಮ್ನ ಅನ್ನೂದ್ರಿ. ಕಾಯ್ದೆ ಸಲುವಾಗಿ."

"ಮೇಡಂ, ಇಡೀ ಜಿಲ್ಲೆಯನ್ನು ಈ ಕನ್ನಡದಲ್ಲೇ ಬಸ್ಸು ಹತ್ತಿಸಿದವಳು ನಾನು. ಒಬ್ಬನಾದ್ರೂ ಕಾರ್ಕಳಕ್ಕೆ ಹೋಗ್ಬೇಕಾದವ ಕಾಪುವಿಗೆ ಹೋದದ್ದುಂಟಾ ಕೇಳಿ ನೋಡಿ."

ಭೋಜಣ್ಣ ಬಾಗಿಲಲ್ಲಿ ನಿಂತಿದ್ದ. "ಹೇಳಿದ್ರೆ ಎಂತ ಹೋಗ್ತದೆ ನಿಂದು? ಊರಿಗೆ ನೀರು ಮುಖ್ಯವಾ, ನಿನ್ನ ಕನ್ನಡ ಮುಖ್ಯವಾ?"

"ಹಾಗಲ್ಲ ಇವರೇ. ನಾನು ಆಡಿದ್ದೆಲ್ಲ ರದ್ದು ಅಂದ್ರೆ ಎಲ್ಲ ರದ್ದು. ಇಷ್ಟು ವರ್ಷ ಅವಳೂ ನಾನೂ ಮಾತಾಡಿಕೊಂಡು ಕಟ್ಟಿದ್ದೆಲ್ಲ. ನಾಳೆಯಿಂದ ಮತ್ತೆ ಕಾಗದದವರ ಜಗಳ ಶುರು. ಅದು ಬೇಕಾ?" ಎಂದು ವಾರಿಜಕ್ಕ ವಕೀಲೆಯ ಕಡೆ ತಿರುಗಿದಳು. "ಮತ್ತೆ, ಸುಳ್ಳು ಯಾಕೆ ಬೇಕು? ಕೇಳಿದವರ ಅರ್ಥವೇ ಅರ್ಥ ಅಂತ ನಿಯಮ ಉಂಟಲ್ಲ. ಕೇಳಿದವಳು ಸನೀರಾ. ನೀವು ಅವಳನ್ನು ಕೇಳಿ. ಅವಳು ಹೇಳ್ತಾಳೆ."

ಶಾಂತವ್ವ ಮಣೆಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ಆಕೀ ಮ್ಯಾಲ ಅಷ್ಟು ಭರವಸಾ ಐತೇನ್ರಿ?"

"ನನ್ನ ಮಾತು ಅವಳಿಗೆ ಅರ್ಥವಾದಷ್ಟು ಈ ನನ್ನ ಗಂಡನಿಗೂ ಆಗುದಿಲ್ಲ," ಎಂದಳು ವಾರಿಜಕ್ಕ. ಭೋಜಣ್ಣ ಏನೋ ಗೊಣಗಿಕೊಂಡು ಅಂಗಳಕ್ಕೆ ಇಳಿದ.

ಕೊಲಂಬೊಗೆ ಹೊರಡುವಾಗ ವಾರಿಜಕ್ಕ ಹಲಸಿನ ಹಪ್ಪಳ ಕಟ್ಟಿಕೊಂಡಳು. ಇಷ್ಟು ವರ್ಷದ ಗೆಳತಿಯನ್ನು ಮೊದಲ ಸಲ ಮುಖತಾ ನೋಡುವುದು, ಬರಿಗೈಯಲ್ಲಿ ಹೇಗೆ ಹೋಗುವುದು?

ಪೀಠದ ಕಟ್ಟಡದ ಉದ್ದನೆಯ ಓಣಿಯಲ್ಲಿ ಸನೀರಾ ಎದುರಾದಳು. ಪರದೆಯಲ್ಲಿ ಕಂಡದ್ದಕ್ಕಿಂತ ಎಷ್ಟೋ ಕುಳ್ಳಿ. ವಾರಿಜಕ್ಕ ಓಡಿಹೋಗಿ ತಬ್ಬಿಕೊಂಡಳು. "ಅಯ್ಯೋ, ನೀನು ಇಷ್ಟೇ ಇರುದಾ! ನಾನು ನಿನ್ನನ್ನು ದೊಡ್ಡ ಹೆಂಗಸು ಅಂದ್ಕೊಂಡಿದ್ದೆ ಮಾರಾಯ್ತಿ."

ಸನೀರಾ ಅವಳ ಹೆಗಲಿಗೆ ಮುಖ ಒತ್ತಿ ನಿಂತಳು. ಬಿಡಿಸಿಕೊಳ್ಳಲೇ ಇಲ್ಲ. ಹಪ್ಪಳದ ಪೊಟ್ಟಣವನ್ನು ಕೈಗಿಟ್ಟಾಗ ಅದನ್ನು ಎದೆಗೆ ಹಿಡಿದುಕೊಂಡಳು. ಟೈ ಕಟ್ಟಿದವನು ಬಂದು ಕರೆದ.

ಒಳಗೆ ಮೂವರು ನ್ಯಾಯಾಧೀಶರಿದ್ದರು. ಎಲ್ಲರ ಕಿವಿಗೂ ಅನುವಾದದ ಗುಂಡಿ. ನವೆಂಬರಿನ ಆ ಮಾತನ್ನು ಎಲ್ಲರಿಗೂ ಕೇಳಿಸಿದರು. ತನ್ನ ದನಿ ತಾನೇ ಕೇಳಿ ವಾರಿಜಕ್ಕನಿಗೆ ನಾಚಿಕೆಯಾಯಿತು, ಎಷ್ಟು ಕಿರುಚಿದ್ದೇನೆ ಪಾಪ ಮಾಷ್ಟ್ರಿಗೆ, ಎಂದು. ಆಮೇಲೆ ನಡುವಿನ ನ್ಯಾಯಾಧೀಶರು ಸನೀರಾಳನ್ನು ಕೇಳಿದರು: "ಅವಧಿ ಬಿಡಿ ಎಂಬ ಮಾತನ್ನು ಕೇಳಿದಾಗ ನೀವು ಏನೆಂದು ತಿಳಿದಿರಿ?"

ವಾರಿಜಕ್ಕ ಶಾಂತವ್ವನ ಕೈ ಒತ್ತಿದಳು. ಈಗ ನೋಡಿ, ಎಂಬಂತೆ.

ಸನೀರಾ ತನ್ನ ಭಾಷೆಯಲ್ಲಿ ಹೇಳಿದಳು. ಅನುವಾದ ಕಿವಿಯೊಳಗೆ ಬಿತ್ತು: "ಅವಧಿ ಬೇಡವೆಂದರು. ಆ ಮೂರು ಪಾಲನ್ನು ನಮಗೆ ಶಾಶ್ವತವಾಗಿ ಕೊಟ್ಟರೆಂದು ತಿಳಿದೆ."

ಗುಂಡಿಯಲ್ಲೇ ಏನೋ ತಪ್ಪಿದೆ ಎಂದುಕೊಂಡು ವಾರಿಜಕ್ಕ ಅದನ್ನು ಕಿವಿಯಿಂದ ತೆಗೆದು, ಉಜ್ಜಿ, ಮತ್ತೆ ಹಾಕಿಕೊಂಡಳು. ಅವಳು ಎದ್ದು ನಿಂತಳು.

"ಸನೀರಾ, ಕನ್ನಡದಲ್ಲಿ ಹೇಳು. ನನ್ನ ಮುಖ ನೋಡಿ ಕನ್ನಡದಲ್ಲಿ ಹೇಳು."

ಅನುವಾದ ಇನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ. ಅಷ್ಟರಲ್ಲೇ ಸನೀರಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅದನ್ನು ಕಂಡವಳು ವಾರಿಜಕ್ಕ ಒಬ್ಬಳೇ.

"ಸಾಕ್ಷಿಗೆ ಕನ್ನಡ ಬರುತ್ತದೆಯೇ?" ಎಂದು ಕೇಳಿದರು ನ್ಯಾಯಾಧೀಶರು.

ಸನೀರಾ ಗೋಡೆಯನ್ನು ನೋಡುತ್ತಲೇ ತನ್ನ ಭಾಷೆಯಲ್ಲಿ ಉತ್ತರಿಸಿದಳು.

"ಇಲ್ಲ," ಎಂದಿತು ಅನುವಾದ. "ಒಂದೆರಡು ಪದ ಮಾತ್ರ. ಚಾ, ಬಸ್ಸು, ಅಕ್ಕ."

ಶಾಂತವ್ವ ಎದ್ದು ಏನೇನೋ ವಾದಿಸಿದರು. ಇಬ್ಬರ ಹರಟೆ ದಾಖಲೆಯಲ್ಲಿ ಇರಲಿಲ್ಲ. ಇರ್ಷಾದನ ಸಾಕ್ಷಿಯನ್ನು, ಅವನು ನಮ್ಮದೇ ಪಕ್ಷದವನೆಂದು ಪೀಠ ಒಪ್ಪಲಿಲ್ಲ. ಸಂಜೆಯೊಳಗೆ ತೀರ್ಪು ಬಂತು. ಕೇಳಿದವರ ಅರ್ಥವೇ ಅರ್ಥ. ಏಳು ಪಾಲು ದ್ವೀಪಗಳಿಗೆ, ಮೂರು ನಮಗೆ. ಒಪ್ಪಂದದ ಮರುಪರಿಶೀಲನೆ ಬರುವವರೆಗೆ ಹೀಗೇ, ಅದು ಬರುವಾಗ ಇವತ್ತಿನ ಮಕ್ಕಳು ಮೀಸೆ ತಿರುವುತ್ತಿರುತ್ತಾರೆ.

ಹೊರಗೆ ಬಂದ ಮೇಲೆ ಶಾಂತವ್ವ ಬೈಯಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದು, "ಕುಡೀರಿ ಅಕ್ಕಾರ," ಎಂದರು. ವಾರಿಜಕ್ಕ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

"ಮೇಡಂ, ಅವಳು ಹೆದರಿ ಹೇಳಿದ್ದಾ?"

"ಯಾರಿಗ್ಗೊತ್ರಿ. ಮಂದಿ ನೀರು ಉಳಸಾಕ ಹೇಳಿರಬೇಕು. ನಾನೂ ನಿಮಗ ಸುಳ್ಳ ಹೇಳ್ರಿ ಅಂದಿದ್ದೆ ಅಲ್ರೀ."

"ನೀವು ಹೇಳು ಅಂದ ಸುಳ್ಳು ನನ್ನೊಬ್ಬಳ ಬಗ್ಗೆ ಇತ್ತು," ಎಂದಳು ವಾರಿಜಕ್ಕ. "ಇವಳದ್ದು ನಮ್ಮಿಬ್ಬರ ಬಗ್ಗೆ."

ಏಪ್ರಿಲ್ ಬಂತು. ತೆಂಕಕೋಡಿಯಲ್ಲಿ ನಲ್ಲಿಗೆ ನೀರು ಬರುವುದು ಮೂರು ದಿನಕ್ಕೊಮ್ಮೆಯಾಯಿತು. ಐಸ್ ಪ್ಲಾಂಟು ಮುಚ್ಚಿತು. ಬೋಟಿನವರು ಐಸ್ ಇರುವ ಬೇರೆ ಬಂದರು ಹುಡುಕಿಕೊಂಡು ಹೋದರು, ಅವರ ಹಿಂದೆ ಬಲೆ ಹೆಣೆಯುವವರು, ಮೀನು ವಿಂಗಡಿಸುವ ಹೆಂಗಸರು. ನಲ್ಲಿಯ ಸಾಲಿನಲ್ಲಿ ವಾರಿಜಕ್ಕ ಬಂದರೆ ಮಾತು ನಿಲ್ಲುತ್ತಿತ್ತು. ಒಮ್ಮೆ ಮಾತ್ರ ನಿಲ್ಲಲಿಲ್ಲ. "ಬಸ್ಸು ಬಿಟ್ಟ ಹಾಗೆ ನೀರು ಬಿಟ್ಲು ಪುಣ್ಯಾತ್ಗಿತ್ತಿ. ಕೂಗಿದ್ದು ಅವಳು, ಬಸ್ಸು ತಪ್ಪಿದ್ದು ನಮಗೆ," ಎಂದಳು ಯಾರೋ. ವಾರಿಜಕ್ಕ ಕೊಡ ತುಂಬಿಸಿಕೊಂಡು ಬಂದಳು. ಎದೆಯಲ್ಲಿದ್ದ ಸಿಟ್ಟೆಲ್ಲ ಬೇರೊಬ್ಬಳ ಮೇಲಿತ್ತು.

ಮಾತುಗಾರಿಕೆ ಬಿಡುತ್ತೇನೆ ಎಂದು ಸಮಿತಿಗೆ ಹೇಳಿದ್ದಳು. ಬಿಡುವ ಹಾಗಿರಲಿಲ್ಲ. ಕುರ್ಚಿ ಖಾಲಿ ಬಿದ್ದರೆ ಉಳಿದ ಮೂರು ಪಾಲೂ ಎದುರಿನವರು ಹೇಳಿದಂತೆ ಹೋಗುತ್ತವೆ, ಮತ್ತೆ ಆ ಕುರ್ಚಿಯಲ್ಲಿ ಕೂರಲು ಊರಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಆ ಕಡೆ ಸನೀರಾಳೂ ತನ್ನ ಕುರ್ಚಿಗೆ ಮರಳಿದ್ದಾಳೆಂದು ಇರ್ಷಾದ್ ತಿಳಿಸಿದ. ನಾಳೆ ಇಬ್ಬರೂ ಮಾತಾಡಬೇಕು.

ಆ ದಿನ ಮಧ್ಯಾಹ್ನ ಭೋಜಣ್ಣ ಅವಳ ಪಕ್ಕ ಬಂದು ಕುಳಿತ. ಪ್ಲಾಂಟು ಮುಚ್ಚಿದ ಮೇಲೆ ಅವನಿಗೆ ಹಗಲು ಕಳೆಯುವುದು ಗೊತ್ತಾಗುತ್ತಿರಲಿಲ್ಲ.

"ಇರ್ಷಾದ್ ಒಂದು ವಿಷಯ ಹೇಳಿದ. ದ್ವೀಪದ ಕೊಳವೆಯಲ್ಲಿ ಉಪ್ಪು ಬಂತು ಅಂತ ನೀನು ಒಂದು ಮಾತು ಹೇಳಿದ್ರೆ ಮಾಷ್ಟ್ರು ಆ ಕೊಳವೆ ಮುಚ್ತದಂತೆ. ನೀರು ಪರೀಕ್ಷೆಗೆ ಹೋಗಿ ಬರುವವರೆಗೆ, ಒಂದು ತಿಂಗಳು, ಹತ್ತು ಪಾಲೂ ನಮಗೆ."

"ಉಪ್ಪು ಬರ್ಲಿಲ್ವಲ್ಲ."

"ಬರ್ಲಿಲ್ಲ ಅಂತ ಗೊತ್ತಾಗುವಾಗ ಸೀಸನ್ ಮುಗಿದಿರ್ತದೆ. ತಿಂಗಳು ಐಸ್ ಕೊಟ್ರೆ ಹೋದ ಬೋಟು ವಾಪಸು ಬರ್ತದೆ ವಾರಿಜಾ. ಅವಳು ಒಂದು ಸುಳ್ಳು ಹೇಳಿದ್ಲು. ನೀನೂ ಒಂದು ಹೇಳು. ಸಮ ಆಯ್ತಲ್ಲ."

ವಾರಿಜಕ್ಕ ಇಲ್ಲವೆನ್ನಲಿಲ್ಲ. ಉಪ್ಪು ಎಂಬ ಪದವನ್ನು ಬಾಯಲ್ಲಿಟ್ಟುಕೊಂಡೇ ಮರುದಿನ ನಿಲ್ದಾಣಕ್ಕೆ ನಡೆದಳು. ಹೇಳುವುದೆಂದೇ ನಿರ್ಧರಿಸಿದ್ದಳು.

ಪರದೆ ಬೆಳಗಿತು. ಸನೀರಾ ಸೊರಗಿದ್ದಳು.

"ಅಕ್ಕ ಉಂಟಾ?"

ವಾರಿಜಕ್ಕ ಬಾಯಿ ತೆರೆಯಲಿಲ್ಲ. ಇರ್ಷಾದ್ ಹಿಂದೆ ನಿಂತಿದ್ದ.

"ಅಕ್ಕ, ನಾನು ಎಂತ ಮಾಡ್ಲಿ?" ಸನೀರಾಳ ಕನ್ನಡ ಒಂದಕ್ಷರ ತಪ್ಪದೆ ಬರುತ್ತಿತ್ತು. "ಸಣ್ಣ ದ್ವೀಪದ ಬಾವಿಯೆಲ್ಲ ಇನ್ನೂ ಉಪ್ಪೇ. ಮೂರು ಪಾಲು ವಾಪಸು ಹೋದ್ರೆ ಅಲ್ಲಿಯವರೆಲ್ಲ ಊರು ಖಾಲಿ ಮಾಡ್ಬೇಕು ಅಂದ್ರು. ನನ್ನ ತಂಗಿ ಇರುದು ಅಲ್ಲಿ. ನೀವು ಬೈಯಿರಿ ಅಕ್ಕ. ಎಂತ ಬೇಕಾದ್ರೂ ಬೈಯಿರಿ. ಹೀಗೆ ಸುಮ್ಮನೆ ಮಾತ್ರ ಕೂರ್ಬೇಡಿ."

'ಬೈಯಿರೀ' ಎನ್ನುವಾಗ ದನಿ ಕೊನೆಯಲ್ಲಿ ಎದ್ದಿತು, ಬಸ್ಸಿಗೆ ಕರೆಯುವ ಹಾಗೆ. ಈ ರಾಗವನ್ನು ಕಲಿಸಿದವಳು ತಾನೇ. ಈ ಬಾಯಿಯೇ ಕೊಲಂಬೊದಲ್ಲಿ ಕನ್ನಡ ಬರುವುದಿಲ್ಲ ಎಂದಿತ್ತು.

"ಮಾಷ್ಟ್ರೇ," ಎಂದಳು ವಾರಿಜಕ್ಕ. "ದ್ವೀಪದ ಕೊಳವೆಯಲ್ಲಿ..."

ಸನೀರಾಳ ಮುಖ ಬಿಳುಚಿತು. ಮುಂದಿನ ಪದ ಯಾವುದೆಂದು ಅವಳಿಗೆ ಗೊತ್ತಾಗಿತ್ತು. ಬೇಡವೆನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ಕಾದಳು, ಬೀಳಬೇಕಾದ ಪೆಟ್ಟು ಬೀಳಲಿ ಎನ್ನುವ ಹಾಗೆ. ಅವಳಿಗೆ ಅದು ಬೇಕಾಗಿತ್ತು. ವಾರಿಜಕ್ಕನೂ ಸುಳ್ಳಿಯಾಗಲಿ, ಇಬ್ಬರೂ ಸಮವಾಗಲಿ, ಆಮೇಲೆ ಮತ್ತೆ ಚಾ ಕುಡಿಯುತ್ತ ಮಾತಾಡಬಹುದು.

"ದಯವಿಟ್ಟು ತಮ್ಮ ವಾಕ್ಯವನ್ನು ಪೂರ್ಣಗೊಳಿಸಿ," ಎಂದಿತು ಮಾಷ್ಟ್ರು.

"ದ್ವೀಪದ ಕೊಳವೆಯಲ್ಲಿ ನೀರು ಸಿಹಿ ಉಂಟು. ಏಳು ಪಾಲು ಆ ಕಡೆಗೆ ಹೋಗ್ಲಿ."

ಕವಾಟ ತಿರುಗಿತು. ಇರ್ಷಾದ್ ಗೋಡೆಗೆ ಒರಗಿದ. ಸನೀರಾ ಕಣ್ಣು ತೆರೆದು, "ಅಕ್ಕಾ..." ಎಂದು ಪರದೆಯ ಹತ್ತಿರ ಬಾಗಿದಳು.

"ಮತ್ತೊಂದು ಮಾತು ಮಾಷ್ಟ್ರೇ," ಎಂದಳು ವಾರಿಜಕ್ಕ. ಪರದೆಯನ್ನು ನೋಡದೆ, ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳಿದಳು. "ಇದನ್ನು ದಾಖಲೆಗೆ ಹಾಕಿ. ಆ ಕಡೆಯವರು ಇನ್ನು ಮುಂದೆ ಏನಿದ್ದರೂ ಅವರ ಭಾಷೆಯಲ್ಲೇ ಮಾತಾಡ್ಬೇಕು. ನೀವು ನನಗೆ ಅನುವಾದ ಮಾಡಿ. ಅವರಿಗೆ ಕನ್ನಡ ಬರುದಿಲ್ಲ."

ಮಾಷ್ಟ್ರು ಅದನ್ನು ಮುರೈ ಭಾಷೆಗೆ ತಿರುಗಿಸಿ ಹೇಳತೊಡಗಿತು. ಅದು ಹೇಳಿ ಮುಗಿಸುವವರೆಗೆ ಸನೀರಾ ತಲೆ ತಗ್ಗಿಸಿ ಕಾದಳು, ಇನ್ನೂ ಅರ್ಥವಾಗದವಳ ಹಾಗೆ.